ವಿಮಾನ ನಿಯಂತ್ರಣದ ಮರದ ಮೇಜು



ಕೊಯಮತ್ತೂರಿನ ಉಕ್ಕಡಂ ಈ ಸೀಮೆಯ ಕನ್ನಡಿಗರಿಗೆ ಹೊಸ ಹೆಸರಲ್ಲ. ಪೊಳ್ಳಾಚಿಗೂ ಪಾಲಕ್ಕಾಡಿಗೂ ಬಸ್ಸು ಹಿಡಿಯುವ ಜಾಗ ಅದು. ಪಕ್ಕದಲ್ಲೇ ದೊಡ್ಡ ಕೆರೆ. ಈಗ ನೆತ್ತಿಯ ಮೇಲೆ ಉದ್ದನೆಯ ಮೇಲ್ಸೇತುವೆ. ಅಲ್ಲಿಂದ ದಕ್ಷಿಣಕ್ಕೆ ಹೊರಟ ದಾರಿ ಪೊಳ್ಳಾಚಿಯನ್ನು ದಾಟಿ ಆನೆಮಲೆಯ ತೇಗದ ಕಾಡಿನತ್ತ ಹೋಗುತ್ತದೆ. ಊರೊಳಗೆ ಬಂದು ಅವಿನಾಶಿ ರಸ್ತೆ ಹಿಡಿದರೆ, ಹತ್ತು ಹನ್ನೆರಡು ಕಿಲೋಮೀಟರಿನಲ್ಲಿ ಪೀಳಮೇಡಿನ ವಿಮಾನ ನಿಲ್ದಾಣ ಸಿಗುತ್ತದೆ. ಒಂದು ದಾರಿ ಮರಕ್ಕೆ, ಇನ್ನೊಂದು ದಾರಿ ವಿಮಾನಕ್ಕೆ. ಈ ಎರಡೂ ಒಂದುಗೂಡಿದ ಒಂದು ವಸ್ತು ಇದೆ. ಅದನ್ನು ಕಂಡವರು ತೀರ ಕಡಿಮೆ. ವಿಮಾನಗಳ ಓಡಾಟವನ್ನು ನಿಯಂತ್ರಿಸುವವರು ಹಿಂದೆ ಕೂತು ಕೆಲಸ ಮಾಡುತ್ತಿದ್ದ ಮರದ ಮೇಜು ಅದು. ಇವತ್ತಿನ ನನ್ನ ಮಾತು ಅದೊಂದರ ಬಗ್ಗೆಯೇ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮೇಜು ಬರೀ ಪೀಠೋಪಕರಣವಲ್ಲ. ರೇಡಿಯೋ ಯಾವ ಅರ್ಥದಲ್ಲಿ ಉಪಕರಣವೋ, ರಾಡಾರ್ ಯಾವ ಅರ್ಥದಲ್ಲಿ ಉಪಕರಣವೋ, ಮೇಜೂ ಅದೇ ಅರ್ಥದಲ್ಲಿ ಉಪಕರಣ. ಹಾಗಾಗಿ ಹಳೆಯ ಮೇಜನ್ನು ಕಂಡಮ್ ಮಾಡಿ ಹರಾಜಿಗೆ ಹಾಕುವ ಮುಂಚೆ ನಾವು ಒಂದು ಕ್ಷಣ ತಡೆಯಬೇಕು. ಕನಿಷ್ಠ ಒಂದನ್ನಾದರೂ, ಇದ್ದದ್ದು ಇದ್ದ ಹಾಗೆ, ಇಡಿಯಾಗಿ ಉಳಿಸಿಕೊಳ್ಳಬೇಕು.

ಆ ಮೇಜು ಹೇಗಿರುತ್ತದೆ ಎಂದು ಮೊದಲು ಹೇಳುತ್ತೇನೆ. ನೀವು ಕಣ್ಣು ಮುಚ್ಚಿ ಕೇಳಿದರೂ ಆದೀತು. ನಿಲ್ದಾಣದ ಎತ್ತರದ ಗೋಪುರದ ತುದಿಯಲ್ಲಿ ಒಂದು ಗಾಜಿನ ಕೋಣೆ. ಎಲ್ಲರೂ ಅದನ್ನು ಟವರು ಎನ್ನುತ್ತಾರೆ. ಸುತ್ತಲೂ ಗಾಜು. ಆ ಗಾಜು ನೆಟ್ಟಗೆ ನಿಂತಿರುವುದಿಲ್ಲ, ಮೇಲ್ಭಾಗ ಹೊರಕ್ಕೆ ಬಾಗಿರುತ್ತದೆ. ಒಳಗಿನ ದೀಪದ ಪ್ರತಿಬಿಂಬ ಕಣ್ಣಿಗೆ ಹೊಡೆಯಬಾರದು ಎಂಬುದೇ ಕಾರಣ. ಗಾಜಿನ ಬುಡಕ್ಕೆ ಒತ್ತಿಕೊಂಡು ಉದ್ದನೆಯ ಮೇಜು. ಅದು ತಗ್ಗಾಗಿರಬೇಕು. ಎತ್ತರವಾದರೆ ಕೂತವರಿಗೆ ರನ್‌ವೇಯ ಹತ್ತಿರದ ತುದಿ ಮರೆಯಾಗುತ್ತದೆ. ಮೇಜಿನ ಮುಖ ಓರೆಯಾಗಿ, ಕೂತವರ ಕಡೆಗೆ ಇಳಿಜಾರಾಗಿರುತ್ತದೆ. ಅದರಲ್ಲಿ ಗಾಳಿಯ ದಿಕ್ಕು ಮತ್ತು ವೇಗ ತೋರುವ ಮುಳ್ಳಿನ ಗಡಿಯಾರ, ವಾಯುಭಾರ ತೋರುವ ಇನ್ನೊಂದು, ಹೊತ್ತು ತೋರುವ ಮತ್ತೊಂದು. ಕೈಗೆಟುಕುವಷ್ಟು ದೂರದಲ್ಲಿ ಮೈಕು, ಫೋನು, ದುರ್ಬೀನು. ರೇಡಿಯೋ ಕೈಕೊಟ್ಟರೆ ವಿಮಾನಕ್ಕೆ ಹಸಿರು, ಕೆಂಪು ಬೆಳಕು ತೋರಿಸಲು ಒಂದು ಸಂಕೇತ ದೀಪ. ನಡುವೆ, ಎಲ್ಲಕ್ಕಿಂತ ಮುಖ್ಯವಾಗಿ, ಕಾಗದದ ಪಟ್ಟಿಗಳನ್ನು ಸಾಲಾಗಿ ಜೋಡಿಸುವ ಒಂದು ಓರೆ ಹಲಗೆ. ನಿಯಂತ್ರಕರ ಬಾಯಲ್ಲಿ ಆ ಪಟ್ಟಿ ಸ್ಟ್ರಿಪ್ಪು, ಆ ಹಲಗೆ ಸ್ಟ್ರಿಪ್ ಬೋರ್ಡು. ಈ ಎರಡು ಹೆಸರು ನೆನಪಿರಲಿ. ಮುಂದಿನ ಮಾತೆಲ್ಲ ಇವುಗಳ ಸುತ್ತಲೇ.

ಮೇಜು ಉಪಕರಣ ಎಂದೆ. ಈ ಕಸುಬಿನ ಚರಿತ್ರೆಯೇ ಅದಕ್ಕೆ ಮೊದಲ ಸಾಕ್ಷಿ. ವಿಮಾನ ಸಂಚಾರ ನಿಯಂತ್ರಣ ಹುಟ್ಟಿದ್ದು ಪರದೆಯ ಮುಂದಲ್ಲ, ಮೇಜಿನ ಮೇಲೆ. ಲಂಡನ್ನಿನ ಹತ್ತಿರ ಕ್ರಾಯ್ಡನ್ ಎಂಬ ನಿಲ್ದಾಣವಿತ್ತು. 1920ರ ದಶಕದಲ್ಲಿ ಅಲ್ಲಿ ಒಂದು ಪದ್ಧತಿ ಬೆಳೆಯಿತು. ಹಾರುತ್ತಿರುವ ವಿಮಾನ ರೇಡಿಯೋದಲ್ಲಿ ಮಾತಾಡುತ್ತದೆ. ಆ ದನಿ ಯಾವ ದಿಕ್ಕಿನಿಂದ ಬಂತು ಎಂದು ಬೇರೆ ಬೇರೆ ಊರಿನ ಕೇಂದ್ರಗಳು ಅಳೆಯುತ್ತವೆ. ಕ್ರಾಯ್ಡನ್ನಿನ ಅಧಿಕಾರಿ ಮೇಜಿನ ಮೇಲೆ ಹರಡಿದ ನಕಾಶೆಯಲ್ಲಿ ಆ ದಿಕ್ಕುಗಳನ್ನು ಗೆರೆಯಾಗಿ ಎಳೆಯುತ್ತಾನೆ. ಗೆರೆಗಳು ಕೂಡಿದ ಜಾಗವೇ ವಿಮಾನ ಇರುವ ಜಾಗ. ಮುಂದೆ 1935ರ ಡಿಸೆಂಬರಿನಲ್ಲಿ ಅಮೆರಿಕದ ನೆವಾರ್ಕಿನಲ್ಲಿ ದೂರದ ಮಾರ್ಗಗಳನ್ನು ನಿಯಂತ್ರಿಸುವ ಮೊದಲ ಕೇಂದ್ರ ಶುರುವಾಯಿತು. ಅಲ್ಲಿದ್ದ ಸಲಕರಣೆ ಏನೆಂದು ಕೇಳಿದರೆ ಬೆರಗಾಗುತ್ತದೆ. ಒಂದು ದೊಡ್ಡ ನಕಾಶೆ ಮೇಜು, ಒಂದು ಕರಿಹಲಗೆ, ಕೆಲವು ಫೋನು. ವಿಮಾನಕ್ಕೊಂದರಂತೆ ಸಣ್ಣ ಬಿಲ್ಲೆ. ಫೋನಿನಲ್ಲಿ ಸುದ್ದಿ ಬಂದ ಹಾಗೆಲ್ಲ ಆ ಬಿಲ್ಲೆಯನ್ನು ನಕಾಶೆಯ ಮೇಲೆ ಮುಂದಕ್ಕೆ ಸರಿಸುತ್ತಿದ್ದರು. ಅಲ್ಲಿನ ನಿಯಂತ್ರಕರಿಗೆ ಆಕಾಶ ಕಾಣುತ್ತಿರಲಿಲ್ಲ. ಅವರ ಪಾಲಿಗೆ ಮೇಜೇ ಆಕಾಶ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯೂ ತನ್ನ ವಿಮಾನಗಳನ್ನು ದೊಡ್ಡ ನಕಾಶೆ ಮೇಜುಗಳ ಮೇಲೆಯೇ ನಡೆಸಿತು. ಅಕ್ಸ್‌ಬ್ರಿಜ್ ಎಂಬಲ್ಲಿ ನೆಲದಡಿಯ ಆ ಕೋಣೆ, ಆ ಮೇಜಿನ ಸಮೇತ, ಜನ ನೋಡಲು ಇವತ್ತಿಗೂ ಇದೆ.

ರಾಡಾರ್ ಬಂದ ಮೇಲಾದರೂ ಮೇಜಿನ ಕಾಲ ಮುಗಿಯಿತೆ? ಇಲ್ಲ. ಈ ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಮೊದಲ ರಾಡಾರ್ ಪರದೆಯಲ್ಲಿ ಬೆಳಕಿನ ಚುಕ್ಕೆ ಕಾಣುತ್ತಿತ್ತು, ಅಷ್ಟೇ. ಆ ಚುಕ್ಕೆ ಯಾವ ವಿಮಾನ, ಎಷ್ಟು ಎತ್ತರದಲ್ಲಿದೆ ಎಂದು ಪರದೆ ಹೇಳುತ್ತಿರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಕೇಂದ್ರಗಳು ಒಂದು ಉಪಾಯ ಮಾಡಿದವು. ರಾಡಾರ್ ಕೊಳವೆಯನ್ನೇ ಮಲಗಿಸಿ, ಪರದೆ ಮೇಲ್ಮುಖವಾಗುವಂತೆ ಇಟ್ಟವು. ಪರದೆ ಹೀಗೆ ಮೇಜಾಯಿತು. ಅದರ ಮೇಲೆ ವಿಮಾನದ ಹೆಸರು ಬರೆದ ಪಾರದರ್ಶಕ ಬಿಲ್ಲೆ ಇಟ್ಟು, ಚುಕ್ಕೆ ಸರಿದಂತೆ ಬಿಲ್ಲೆಯನ್ನೂ ಕೈಯಿಂದ ಸರಿಸಿದರು. ಯಂತ್ರ ಬಂದು ಮೇಜನ್ನು ಓಡಿಸಲಿಲ್ಲ. ಮೇಜಿನ ಕ್ರಮಕ್ಕೆ ಯಂತ್ರವೇ ಬಗ್ಗಿ ಮಲಗಿತು. ಮೇಜು ಬರೀ ಆಧಾರವಾಗಿದ್ದರೆ ಹೀಗೆ ಆಗಲು ಕಾರಣವಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ನಿಯಂತ್ರಣದ ಕೆಲಸ ಮೇಜಿನ ಮೇಲೆ ಹುಟ್ಟಿತು, ಯಂತ್ರ ಬಂದ ಮೇಲೂ ಮೇಜನ್ನು ಬಿಡಲಿಲ್ಲ. ಈಗ ಇನ್ನೂ ಹತ್ತಿರ ಹೋಗೋಣ. ಆ ಓರೆ ಹಲಗೆ, ಅದರ ಮೇಲಿನ ಕಾಗದದ ಪಟ್ಟಿ. ಪಟ್ಟಿಯ ಅಗಲ ಸುಮಾರು ಒಂದು ಇಂಚು, ಉದ್ದ ಸುಮಾರು ಎಂಟು ಇಂಚು. ಒಂದು ವಿಮಾನಕ್ಕೆ ಒಂದು ಪಟ್ಟಿ. ವಿಮಾನದ ಹೆಸರು, ಬಗೆ, ಎಲ್ಲಿಂದ ಎಲ್ಲಿಗೆ, ಎಷ್ಟು ಎತ್ತರ, ಎಷ್ಟು ಹೊತ್ತಿಗೆ, ಎಲ್ಲವೂ ಅದರಲ್ಲಿ. ಪಟ್ಟಿಯನ್ನು ಒಂದು ಗಟ್ಟಿ ಹಿಡಿಕೆಯಲ್ಲಿ ಕೂರಿಸುತ್ತಾರೆ. ಹಿಡಿಕೆಗಳನ್ನು ಓರೆ ಹಲಗೆಯ ಮೇಲೆ ಒಂದರ ಮೇಲೊಂದು ಅಡುಕುತ್ತಾರೆ. ಕೆಳಗಿನದನ್ನು ತೆಗೆದರೆ ಮೇಲಿನವು ತಾವಾಗಿ ಜಾರಿ ಒಂದೊಂದು ಮೆಟ್ಟಿಲು ಇಳಿಯುತ್ತವೆ. ಸರದಿ ಕಾಪಾಡಲು ಯಾರೂ ಎಣಿಸಬೇಕಾಗಿಲ್ಲ. ಭೂಮಿಯ ಸೆಳೆತವೇ ಸರದಿ ಕಾಯುತ್ತದೆ. ಹಲಗೆ ಮಟ್ಟಸವಾಗಿದ್ದರೆ ಪಟ್ಟಿ ಜಾರುವುದಿಲ್ಲ. ತೀರ ಕಡಿದಾಗಿದ್ದರೆ ಬರೆಯುವಾಗ ಕೈ ನಿಲ್ಲುವುದಿಲ್ಲ. ಈ ಎರಡರ ನಡುವಿನ ಓರೆಯನ್ನು ಹಿಡಿದುಕೊಡುವುದು ಮೇಜು ಮಾಡಿದವನ ಕೆಲಸ. ಇನ್ನೊಂದು ಸೂಕ್ಷ್ಮವಿದೆ. ಯಾವುದೋ ವಿಮಾನದ ಬಗ್ಗೆ ಎಚ್ಚರ ಬೇಕೆನಿಸಿದರೆ ನಿಯಂತ್ರಕರು ಅದರ ಹಿಡಿಕೆಯನ್ನು ಸಾಲಿನಿಂದ ತುಸು ಹೊರಕ್ಕೆ ಎಳೆದು ಸೊಟ್ಟಗೆ ಇಡುತ್ತಾರೆ. ಅಷ್ಟೇ ಸಾಕು. ಪಕ್ಕದಲ್ಲಿ ಕೂತವರಿಗೂ, ಮುಂದಿನ ಪಾಳಿಗೆ ಬಂದವರಿಗೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ: ಇಲ್ಲಿ ಏನೋ ಬಾಕಿ ಇದೆ. ಮಾತಿಲ್ಲ, ಗಂಟೆಯಿಲ್ಲ, ದೀಪವಿಲ್ಲ.

ಇದು ಹಳೆಯದರ ಮೇಲಿನ ಮೋಹದ ಮಾತಲ್ಲವೆ ಎಂದು ಕೇಳಬಹುದು. ಅಲ್ಲ. ಇದನ್ನು ವಿದ್ವಾಂಸರು ಕೂತು ನೋಡಿ ಬರೆದಿದ್ದಾರೆ. 1990ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ಲಂಡನ್ ನಿಯಂತ್ರಣ ಕೇಂದ್ರದಲ್ಲಿ ಕೆಲಸವನ್ನು ಹತ್ತಿರದಿಂದ ಅಭ್ಯಾಸ ಮಾಡಿದರು. ಅವರು ಕಂಡದ್ದೇನು? ಪಟ್ಟಿಯನ್ನು ಕೈಯಿಂದ ಜೋಡಿಸುವುದು ದಂಡದ ಕೆಲಸವಲ್ಲ. ಜೋಡಿಸುವ ಆ ಗಳಿಗೆಯಲ್ಲೇ ನಿಯಂತ್ರಕರ ಗಮನ ಆ ವಿಮಾನದ ಮೇಲೆ ಬೀಳುತ್ತದೆ, ಬೇರೆ ವಿಮಾನಗಳ ಜತೆ ಅದನ್ನು ಮನಸ್ಸು ತಾಳೆ ನೋಡುತ್ತದೆ. ಪಟ್ಟಿಗಳು ಬಯಲಲ್ಲಿ ಇರುವುದರಿಂದ ಪಕ್ಕದವರು ಕೇಳದೆಯೇ ಸಹಾಯಕ್ಕೆ ಬರುತ್ತಾರೆ. ಮುಂದೆ ಪ್ಯಾರಿಸ್ ಬಳಿಯ ಕೇಂದ್ರದಲ್ಲಿ ಸಂಶೋಧಕಿ ವೆಂಡಿ ಮೆಕೇ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕಾಗದವೇ ಹೆಚ್ಚು ಸುರಕ್ಷಿತವೆ ಎಂಬುದು ಅವರು ಎತ್ತಿದ ಪ್ರಶ್ನೆ. ಇಬ್ಬರು ನಿಯಂತ್ರಕರು ಒಂದೇ ಹಲಗೆಯನ್ನು ಹಂಚಿಕೊಂಡು, ಮಾತಾಡದೆ, ಕೈಯ ಚಲನೆಯಿಂದಲೇ ಒಬ್ಬರ ಕೆಲಸ ಇನ್ನೊಬ್ಬರು ಅರಿಯುವುದನ್ನು ಅವರು ವಿವರಿಸಿದರು. ಹಾಗೆ ಅರಿಯಲು ಇಬ್ಬರೂ ತಕ್ಕಷ್ಟು ಹತ್ತಿರ ಕೂತಿರಬೇಕು. ಇಬ್ಬರ ಕೈಯೂ ಹಲಗೆಗೆ ಎಟುಕಬೇಕು. ಆ ಅಂತರವನ್ನು ಗೊತ್ತುಮಾಡಿದ್ದು ಯಾವುದು? ಮೇಜಿನ ಅಗಲ.

ಕೊಯಮತ್ತೂರಿನಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳಿವೆ. ಅಳತೆಯಲ್ಲೇ ವಿದ್ಯೆ ಇದೆ ಎಂಬ ಮಾತನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಂಡಿ ಮಗ್ಗದಲ್ಲಿ ಕೂರುವ ಆಳ, ತುಳಿಯುವ ಹಲಗೆಗೂ ಕಾಲಿಗೂ ಇರುವ ದೂರ, ಲಾಳಿ ಹಾಯುವ ಅಗಲ, ಇವೆಲ್ಲ ಮರದಲ್ಲಿ ಇಳಿದು ನಿಂತ ನೇಯ್ಗೆಯ ವಿದ್ಯೆ. ಮಗ್ಗವನ್ನು ಬಿಚ್ಚಿ ತೊಲೆಗಳ ರಾಶಿ ಹಾಕಿದರೆ ಮರ ಉಳಿಯುತ್ತದೆ, ವಿದ್ಯೆ ಉಳಿಯುವುದಿಲ್ಲ. ನಿಯಂತ್ರಕರ ಮೇಜೂ ಹಾಗೆಯೇ.

ಮೇಜಿನ ಆಕಾರದ ಬಗ್ಗೆ ಹೇಳಿದ್ದಾಯಿತು. ಇನ್ನು ಅದರ ಮರದ ಬಗ್ಗೆ. ಮರವೇ ಏಕೆ? ಒಂದು ಕಾರಣ ಸರಳ. ಈ ಕಸುಬಿನ ಆರಂಭದ ದಿನಗಳಲ್ಲಿ ಇಂಥ ಮೇಜನ್ನು ತಯಾರಿಸುವ ಕಾರ್ಖಾನೆ ಇರಲಿಲ್ಲ. ಪ್ರತಿ ಟವರಿನ ಆಕಾರ ಬೇರೆ, ಕಿಟಕಿ ಬೇರೆ, ರನ್‌ವೇ ಇರುವ ದಿಕ್ಕು ಬೇರೆ. ಅಳತೆ ತೆಗೆದು, ಅಲ್ಲೇ ಕೊಯ್ದು, ಅಲ್ಲೇ ಕೂರಿಸುವುದು ಬಡಗಿಗೆ ಸಾಧ್ಯ. ಹೊಸ ಫೋನು ಬಂದರೆ ಇನ್ನೊಂದು ತೂತು ಕೊರೆಯಬಹುದು. ಹೊಸ ಮುಳ್ಳಿನ ಗಡಿಯಾರ ಬಂದರೆ ಇನ್ನೊಂದು ಹಲಗೆ ಹೊಂದಿಸಬಹುದು. ಮರ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ತಗಡಿನ ಹಾಗೆ ತಟ್ಟಿದರೆ ಸದ್ದು ಮಾಡುವುದಿಲ್ಲ. ಮೂರು ನಾಲ್ಕು ಜನ ಒಂದೇ ಕೋಣೆಯಲ್ಲಿ ರೇಡಿಯೋದಲ್ಲಿ ಮಾತಾಡುವ ಕಡೆ ಇದು ಸಣ್ಣ ಮಾತಲ್ಲ. ಬಿಸಿಲಿಗೆ ಕಾದರೂ ಲೋಹದಂತೆ ಮೈ ಸುಡುವುದಿಲ್ಲ. ಸುತ್ತ ಗಾಜಿರುವ ಕೋಣೆಯಲ್ಲಿ ಬಿಸಿಲು ಎಷ್ಟಿರುತ್ತದೆ ಎಂದು ಬೇರೆ ಹೇಳಬೇಕೆ? ಒಂದು ಕೊರತೆಯೂ ಇತ್ತು. ಮನೆಯ ಮೇಜಿಗೆ ಹಚ್ಚುವ ಹೊಳಪಿನ ಪಾಲಿಶ್ ಟವರಿಗೆ ಆಗದು. ರಾತ್ರಿ ಆ ಹೊಳಪು ಗಾಜಿನಲ್ಲಿ ಕಾಣುತ್ತದೆ. ಮಂಕಾದ, ಕಪ್ಪು ಬೆರೆತ ಬಣ್ಣವೇ ಬೇಕು. ಮರದ ಅಂದವನ್ನು ಮುಚ್ಚಿಟ್ಟೇ ಅದನ್ನು ಕೆಲಸಕ್ಕೆ ಹಚ್ಚಬೇಕಾಗುತ್ತದೆ.

ಮರಗಳಲ್ಲಿ ತೇಗದ ಮಾತು ಬೇರೆ. ಅದರೊಳಗೆ ಎಣ್ಣೆಯ ಅಂಶವಿದೆ. ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಮಳೆಗಾಲಕ್ಕೆ ಉಬ್ಬುವುದು, ಬೇಸಿಗೆಗೆ ಸೀಳುವುದು ಬಹಳ ಕಡಿಮೆ. ಪಟ್ಟಿ ಜಾರುವ ಹಲಗೆ ಒಂದಿಷ್ಟು ಸೊಟ್ಟಗಾದರೂ ಕೆಲಸ ಕೆಡುತ್ತದೆ ಎಂಬುದನ್ನು ನೆನೆದರೆ ಈ ಗುಣದ ಬೆಲೆ ತಿಳಿಯುತ್ತದೆ. ಈ ಸೀಮೆಗೆ ತೇಗ ಪರಕೀಯವಲ್ಲ. ಆನೆಮಲೆಯ ಮೇಲೆ ಟಾಪ್‌ಸ್ಲಿಪ್ ಎಂಬ ಊರಿದೆ. ಕಡಿದ ದಿಮ್ಮಿಗಳನ್ನು ಬೆಟ್ಟದ ನೆತ್ತಿಯಿಂದ ಕೆಳಗಿನ ಬಯಲಿಗೆ ಜಾರಿಬಿಡುತ್ತಿದ್ದ ಜಾಗ ಅದು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಈ ತೇಗ ಬೊಂಬಾಯಿಯ ಹಡಗುಕಟ್ಟೆಯ ತನಕ ಹೋಯಿತು. ಕಡಿದದ್ದು ಎಷ್ಟೆಂದರೆ ಕಾಡೇ ಬರಿದಾಗುವ ಹಾಗಾಯಿತು. ಮುಂದೆ ಹ್ಯೂಗೋ ವುಡ್ ಎಂಬ ಅರಣ್ಯಾಧಿಕಾರಿ ಕಡಿತಕ್ಕೆ ಕ್ರಮ ತಂದು ಕಾಡನ್ನು ಮತ್ತೆ ಚಿಗುರಿಸಲು ದುಡಿದರು. 1933ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲೇ, ತೇಗದ ಮರಗಳ ನಡುವೆ ಇದೆ. ಕೊಯಮತ್ತೂರಿನ ಅರಣ್ಯ ಕಾಲೇಜು 1912ರದು. ಅದಕ್ಕೂ ಹಿಂದಿನದು 1902ರಲ್ಲಿ ಶುರುವಾದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯ. ಮರವನ್ನು ಓದಲು, ಗುರುತಿಸಲು, ಜೋಪಾನ ಮಾಡಲು ಬೇಕಾದ ತಿಳಿವಳಿಕೆ ಈ ಊರಿನಲ್ಲಿ ನೂರು ವರ್ಷಕ್ಕೂ ಮಿಗಿಲಾಗಿ ಬೇರೂರಿದೆ.

ಮರದ ಮಾತಾಯಿತು, ಮೇಜಿನ ಮಾತಾಯಿತು. ಈ ಊರಿನ ವಿಮಾನದ ನಂಟನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಪೀಳಮೇಡಿನ ನಿಲ್ದಾಣ 1940ರದು. ಯುದ್ಧದ ವರ್ಷಗಳಲ್ಲಿ ಬ್ರಿಟಿಷ್ ನೌಕಾಪಡೆ ಕೊಯಮತ್ತೂರಿನಲ್ಲಿ ವಿಮಾನ ರಿಪೇರಿಯ ದೊಡ್ಡ ಅಂಗಳ ನಡೆಸಿತು. ಅದಕ್ಕೆ ಗರುಡ ಎಂದು ಹೆಸರಿಟ್ಟಿತ್ತು. ಸ್ವಾತಂತ್ರ್ಯದ ನಂತರ, 1961ರಲ್ಲಿ, ಭಾರತದ ನೌಕಾಪಡೆಯ ಹಂಸ ನೆಲೆ ಶುರುವಾದದ್ದು ಹತ್ತಿರದ ಸೂಲೂರಿನಲ್ಲಿ. ಗೋವಾ ವಿಮೋಚನೆಯಾದ ಮೇಲೆ, 1964ರಲ್ಲಿ, ಅದು ಅಲ್ಲಿನ ದಾಬೋಲಿಮ್‌ಗೆ ಹೋಯಿತು. ಇತ್ತ ಪೀಳಮೇಡಿನಿಂದ ಡಕೋಟ, ಫೋಕರ್ ವಿಮಾನಗಳು ಬೆಂಗಳೂರಿಗೂ ಮದರಾಸಿಗೂ ಹಾರಿದವು. 1980ರ ದಶಕದ ಆರಂಭದಲ್ಲಿ ರನ್‌ವೇ ಉದ್ದ ಮಾಡಲು ನಿಲ್ದಾಣವನ್ನು ಮುಚ್ಚಿದರು. 1987ರಲ್ಲಿ ಮತ್ತೆ ತೆರೆದಾಗ ಜೆಟ್ ವಿಮಾನಗಳು ಇಳಿಯತೊಡಗಿದವು. ಈಗ ರನ್‌ವೇ ಹತ್ತಿರ ಹತ್ತಿರ ಮೂರು ಕಿಲೋಮೀಟರ್. ಇನ್ನೂ ದೊಡ್ಡದು ಮಾಡಲೆಂದು ಸುಮಾರು 600 ಎಕರೆ ನೆಲವನ್ನು ಗೊತ್ತುಮಾಡಿದ್ದಾರೆ. ನಿಲ್ದಾಣ ಬೆಳೆದ ಹಾಗೆಲ್ಲ ನಿಯಂತ್ರಣದ ಸಲಕರಣೆ ಬದಲಾಗುತ್ತದೆ. ಹೊಸದು ಒಳಕ್ಕೆ ಬರುವ ದಿನವೇ ಹಳೆಯದಕ್ಕೆ ಅಪಾಯದ ದಿನ.

ಇಲ್ಲಿ ಒಂದು ದೊಡ್ಡ ಆಕ್ಷೇಪ ಏಳುತ್ತದೆ. ಜನರ ಜೀವದ ಪ್ರಶ್ನೆ ಇರುವ ಕಡೆ ಹಳೆ ಮರವನ್ನು ಹಿಡಿದುಕೊಂಡು ಕೂರಬೇಕೆ? ಹೊಸ ಯಂತ್ರ ಹೆಚ್ಚು ಸುರಕ್ಷಿತವಲ್ಲವೆ? ಈ ಆಕ್ಷೇಪದ ಒಂದು ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇವತ್ತಿನ ವಿಮಾನಗಳ ಸಂಖ್ಯೆಗೆ ಕೈಬರಹದ ಪಟ್ಟಿ, ಮರದ ಹಲಗೆ ಸಾಲುವುದಿಲ್ಲ. ಎರಡು ವಿಮಾನಗಳು ಒಂದೇ ಎತ್ತರದಲ್ಲಿ ಎದುರಾಗಲಿವೆ ಎಂದು ಕಂಪ್ಯೂಟರ್ ಮುಂಚೆಯೇ ಎಚ್ಚರಿಸುತ್ತದೆ. ಕಾಗದ ಎಚ್ಚರಿಸುವುದಿಲ್ಲ. ಮೇಜಿನ ಎತ್ತರವನ್ನು ಕೂತವರ ಮೈಗೆ ತಕ್ಕಂತೆ ಏರಿಸಿ ಇಳಿಸುವ ಅನುಕೂಲ ಇವತ್ತಿನ ಲೋಹದ ಮೇಜಿಗಿದೆ. ಬೆಂಕಿಯ ದೃಷ್ಟಿಯಿಂದಲೂ ಹಳೆಯ ಮರ, ಹಳೆಯ ತಂತಿ ಒಂದೆಡೆ ಇರುವುದು ಒಳ್ಳೆಯದಲ್ಲ. ಆದ್ದರಿಂದ ಹಳೆ ಮೇಜಿನಲ್ಲೇ ಕೆಲಸ ಮುಂದುವರಿಸಿ ಎಂದು ನಾನು ಹೇಳುತ್ತಿಲ್ಲ. ಕೆಲಸದಿಂದ ನಿವೃತ್ತಿ ಆಗಲಿ, ಗುಜರಿಗೆ ಹೋಗುವುದು ಬೇಡ. ಇಷ್ಟೇ ನನ್ನ ಮಾತು.

ಆದರೆ ಆ ಆಕ್ಷೇಪದ ಇನ್ನೊಂದು ಭಾಗವನ್ನು ನಾನು ಒಪ್ಪುವುದಿಲ್ಲ. ಹಳೆಯದರಿಂದ ಹೊಸದಕ್ಕೆ ಕಲಿಯಲು ಏನೂ ಇಲ್ಲ ಎನ್ನುವುದು ನಿಜವಲ್ಲ. ಅನುಭವ ಬೇರೆ ಹೇಳುತ್ತದೆ. ಅಮೆರಿಕ ಸರ್ಕಾರ 1980ರ ದಶಕದಲ್ಲಿ ಇಡೀ ನಿಯಂತ್ರಣ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವ ಯೋಜನೆ ಹಾಕಿತು. ಕೋಟಿ ಕೋಟಿ ಡಾಲರ್ ಸುರಿದ ಮೇಲೆ, 1994ರಲ್ಲಿ, ಅದರ ಬಹುಭಾಗವನ್ನು ಕೈಬಿಡಬೇಕಾಯಿತು. ಕಾರಣಗಳು ಹಲವು. ಕಾಗದದ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಪರದೆಗೆ ಇಳಿಸಲು ಪಟ್ಟ ಪಾಡು ಅವುಗಳಲ್ಲಿ ಒಂದು. ಬ್ರಿಟನ್ನಿನ ಸ್ವಾನ್‌ವಿಕ್ ಕೇಂದ್ರ ಗೊತ್ತುಮಾಡಿದ್ದಕ್ಕಿಂತ ಸುಮಾರು ಆರು ವರ್ಷ ತಡವಾಗಿ 2002ರಲ್ಲಿ ತೆರೆಯಿತು. ತೆರೆದ ಮೇಲೆ ಪರದೆಯ ಅಕ್ಷರಗಳು ತೀರ ಸಣ್ಣವು ಎಂದು ನಿಯಂತ್ರಕರೇ ದೂರಿದರು. ಗ್ಲಾಸ್ಗೋ ಊರಿನ ಸಂಕೇತವನ್ನು ಕಾರ್ಡಿಫ್ ಎಂದು ಓದುವ ಅಪಾಯವನ್ನು ಅವರು ತೋರಿಸಿಕೊಟ್ಟರು. ಹೊಸ ಯಂತ್ರ ಕೆಟ್ಟದೆಂದು ನಾನು ಇದನ್ನು ಹೇಳುತ್ತಿಲ್ಲ. ಸ್ವಾನ್‌ವಿಕ್ ಆಮೇಲೆ ಸುಧಾರಿಸಿತು, 2011ರ ಹೊತ್ತಿಗೆ ಅಲ್ಲಿ ಕಾಗದದ ಜಾಗಕ್ಕೆ ಕಂಪ್ಯೂಟರ್ ಸಾಧನಗಳು ಬಂದವು. ನಾನು ಹೇಳುವುದು ಇಷ್ಟು: ಬಡಗಿಯ ಮೇಜು ಎಷ್ಟು ಸಂಗತಿಗಳನ್ನು ಸದ್ದಿಲ್ಲದೆ ನೋಡಿಕೊಳ್ಳುತ್ತಿತ್ತು ಎಂಬುದು ಅದನ್ನು ತೆಗೆದ ಮೇಲೆ ಗೊತ್ತಾಯಿತು. ಇನ್ನೂ ಒಂದು ಸಾಕ್ಷಿ ಇದೆ. ಹೀಥ್ರೂ ನಿಲ್ದಾಣದ ಟವರಿನಲ್ಲಿ ಈಗ ಪಟ್ಟಿ ಪರದೆಯ ಮೇಲೆ ಮೂಡುತ್ತದೆ. ಹೇಗೆ ಮೂಡುತ್ತದೆ? ಅದೇ ಉದ್ದನೆಯ ಪಟ್ಟಿಯಾಗಿ, ಅದೇ ಸಾಲಿನಲ್ಲಿ, ಒಂದರ ಮೇಲೊಂದು. ಮರ ಹೋದರೂ ಮರದ ಹಲಗೆ ಕಲಿಸಿದ ಕ್ರಮ ಹೋಗಿಲ್ಲ.

ಎರಡನೆಯ ಆಕ್ಷೇಪ ಮೆದುವಾದದ್ದು. ಒಂದು ಫೋಟೋ ತೆಗೆದಿಟ್ಟರೆ ಸಾಲದೆ? ಸಾಲದು. ಫೋಟೋದಲ್ಲಿ ಓರೆ ತಿಳಿಯುವುದಿಲ್ಲ. ಕೈ ಎಷ್ಟು ದೂರ ಚಾಚಬೇಕು ಎಂದು ತಿಳಿಯುವುದಿಲ್ಲ. ಕೂತಾಗ ಕಣ್ಣಿಗೆ ಏನು ಬೀಳುತ್ತದೆ, ಏನು ಮರೆಯಾಗುತ್ತದೆ ಎಂದು ತಿಳಿಯುವುದಿಲ್ಲ. ಯಾವ ಅಂಚು ಮೊಣಕೈ ಊರಿ ಊರಿ ಸವೆದಿದೆ ಎಂಬುದೇ ಆ ಕೆಲಸದ ದಾಖಲೆ. ಅದು ಮುಟ್ಟಿದರೆ ಮಾತ್ರ ಸಿಗುವ ದಾಖಲೆ. ಇನ್ನೊಂದು ಮಾತು ಯೋಚಿಸಿ. ಬಳಸಿದ ಕಾಗದದ ಪಟ್ಟಿಗಳನ್ನು ಕನಿಷ್ಠ 30 ದಿನ ಜೋಪಾನವಾಗಿ ಇಡಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಏನಾದರೂ ಅವಘಡವಾದರೆ ತನಿಖೆಗೆ ಬೇಕು ಎಂದು. ಒಂದು ದಿನದ ಕಾಗದಕ್ಕೆ ಇಷ್ಟು ಮರ್ಯಾದೆ ಕೊಡುವ ಈ ಕಸುಬು, ಮೂವತ್ತು ವರ್ಷ ಆ ಕಾಗದವನ್ನು ಹೊತ್ತ ಹಲಗೆಯನ್ನು ಹರಾಜಿಗೆ ಬಿಡುವುದು ನ್ಯಾಯವಲ್ಲ.

ಮೂರನೆಯ ಆಕ್ಷೇಪ ಭದ್ರತೆಯದು. ಟವರಿನೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಇರಲೂಬಾರದು. ಆದರೆ ಕೆಲಸದಿಂದ ತೆಗೆದ ಮೇಜನ್ನು ಹೊರಗೆ ತಂದಿಟ್ಟರೆ ಯಾವ ಗುಟ್ಟೂ ಬಯಲಾಗುವುದಿಲ್ಲ. ಬೆಂಗಳೂರಿನ ಎಚ್ಎಎಲ್ ಸಂಸ್ಥೆ 2001ರಲ್ಲಿ ತೆರೆದ ವಸ್ತುಸಂಗ್ರಹಾಲಯವೇ ಇದಕ್ಕೆ ಉತ್ತರ. ಅಲ್ಲಿ ಜನ ಹತ್ತಿ ನೋಡಲೆಂದೇ ಒಂದು ಮಾದರಿ ನಿಯಂತ್ರಣ ಗೋಪುರವಿದೆ. ಶಾಲೆಯ ಮಕ್ಕಳಿಗೆ ಈ ಕಸುಬು ಇಂಥದ್ದು ಎಂದು ತೋರಿಸಲು ಬಹಳ ಒಳ್ಳೆಯ ಏರ್ಪಾಡು. ಮಾದರಿಯ ಪಕ್ಕದಲ್ಲಿ ನಿಜವಾಗಿ ದುಡಿದ ಮೇಜೂ ಇದ್ದರೆ ಅದರ ಬೆಲೆ ಇನ್ನೂ ಹೆಚ್ಚುತ್ತದೆ. ಕೊಯಮತ್ತೂರಿಗೂ ಹಳೆ ಯಂತ್ರಗಳನ್ನು ಕಾಪಾಡುವ ರೂಢಿ ಇದೆ. ಜಿ. ಡಿ. ನಾಯ್ಡು ಅವರ ಹೆಸರಿನ ಸಂಗ್ರಹದಲ್ಲಿ ಹಳೆ ಕಾರುಗಳನ್ನು ಎಷ್ಟು ಪ್ರೀತಿಯಿಂದ ಇಟ್ಟಿದ್ದಾರೆ! ಕಾರು ಓಡುವ ವಸ್ತು, ಮಿನುಗುವ ವಸ್ತು, ಕಣ್ಣಿಗೆ ಬೀಳುತ್ತದೆ. ಮೇಜು ನಿಂತಲ್ಲೇ ನಿಲ್ಲುವ ವಸ್ತು. ಅದಕ್ಕೆ ಪರವಾಗಿ ಮಾತಾಡುವವರು ಬೇಕು.

ಕೊನೆಯ ಆಕ್ಷೇಪ ಹಣದ್ದು. ಹಳೆ ತೇಗಕ್ಕೆ ಬೆಲೆ ಇದೆ. ಸರ್ಕಾರಿ ಆಸ್ತಿಯನ್ನು ಸುಮ್ಮನೆ ಯಾರಿಗೋ ಕೊಡುವಂತಿಲ್ಲ, ನಿಯಮದಂತೆ ಹರಾಜಾಗಬೇಕು. ಇದು ಸರಿಯಾದ ಮಾತು. ಆದರೆ ತೇಗಕ್ಕೆ ಬೆಲೆ ಇರುವುದೇ ಆ ಮೇಜಿಗೆ ಮುಳುವು. ತಗಡಿನ ಮೇಜು ತುಕ್ಕು ಹಿಡಿದು ಯಾವುದೋ ಮೂಲೆಯಲ್ಲಿ ಬಿದ್ದಿರುತ್ತದೆ. ತೇಗದ ಮೇಜನ್ನು ಕೊಂಡವರು ಬಿಚ್ಚುತ್ತಾರೆ. ಹಲಗೆ ಬಾಗಿಲಾಗುತ್ತದೆ, ಕಾಲು ಕಿಟಕಿಯ ಚೌಕಟ್ಟಾಗುತ್ತದೆ. ಕೊಂಡವರದು ತಪ್ಪಲ್ಲ, ಅವರು ಮರಕ್ಕೆ ಹಣ ಕೊಟ್ಟಿದ್ದಾರೆ. ಒಂದು ಸರ್ಕಾರಿ ಸಂಸ್ಥೆಯಿಂದ ಇನ್ನೊಂದು ಸರ್ಕಾರಿ ಸಂಸ್ಥೆಯ ದಾಸ್ತಾನು ಪುಸ್ತಕಕ್ಕೆ ಮೇಜನ್ನು ವರ್ಗಾಯಿಸಿದರೆ ಆಸ್ತಿ ಎಲ್ಲಿಗೂ ಹೋಗುವುದಿಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರವೂ ಸರ್ಕಾರದ್ದೇ. ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯವೂ ಸರ್ಕಾರದ್ದೇ. ಜಾಗದ ಚಿಂತೆಯೂ ದೊಡ್ಡದಲ್ಲ. ಇಬ್ಬರು ಕೂರುವ ಒಂದು ಮೇಜು, ಅದರ ಕುರ್ಚಿಗಳ ಸಮೇತ, ಸಾಧಾರಣ ಕೋಣೆಯ ಒಂದು ಗೋಡೆಯನ್ನು ಹಿಡಿದೀತು.

ಹಾಗಾದರೆ ಮಾಡಬೇಕಾದ್ದೇನು? ಆಕ್ಷೇಪಗಳ ಮಾತು ಮುಗಿಯಿತು, ಈಗ ಕೆಲಸದ ಮಾತು. ಮೇಜನ್ನು ಬಿಚ್ಚುವ ಮುಂಚೆ ಅದರ ಎತ್ತರ, ಅಗಲ, ಹಲಗೆಯ ಓರೆ ಅಳೆದು ಬರೆದಿಡಬೇಕು. ಕಿಟಕಿಗೂ ಮೇಜಿಗೂ ಇದ್ದ ದೂರ, ಕುರ್ಚಿಯ ಎತ್ತರ, ರನ್‌ವೇ ಯಾವ ದಿಕ್ಕಿನಲ್ಲಿ ಕಾಣುತ್ತಿತ್ತು ಎಂಬುದೂ ಬೇಕು. ಮರ ಯಾವುದೆಂದು ತಿಳಿದವರು ನೋಡಿ ಹೇಳಬೇಕು. ಬಳಸಿದ ತೂತು, ಬಳಸದೆ ಮುಚ್ಚಿದ ತೂತು, ಎರಡನ್ನೂ ಗುರುತು ಹಾಕಬೇಕು. ಯಾವ ಕಾಲದಲ್ಲಿ ಯಾವ ಸಲಕರಣೆ ಬಂತು, ಹೋಯಿತು ಎಂಬುದರ ಲೆಕ್ಕ ಆ ತೂತುಗಳಲ್ಲೇ ಇರುತ್ತದೆ. ಪಟ್ಟಿಯ ಹಿಡಿಕೆಗಳನ್ನು, ಹಲಗೆಯನ್ನು, ಕುರ್ಚಿಯನ್ನು ಬೇರೆ ಮಾಡದೆ ಒಟ್ಟಿಗೆ ಇಡಬೇಕು. ಮತ್ತೆ ಬಣ್ಣ ಹೊಡೆದು ಹೊಸದರಂತೆ ಮಾಡುವ ಆಸೆಯನ್ನು ತಡೆದುಕೊಳ್ಳಬೇಕು. ಇದೆಲ್ಲಕ್ಕಿಂತ ತುರ್ತಿನದು ಇನ್ನೊಂದಿದೆ. ಮರದ ಹಲಗೆಯ ಮೇಲೆ ಪಟ್ಟಿ ಜೋಡಿಸಿ ದುಡಿದ ನಿಯಂತ್ರಕರು ಈಗ ನಿವೃತ್ತರು. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಕೊಯಮತ್ತೂರಿನಲ್ಲಿ ಅಂಥವರು ಇದ್ದಾರೆ. ಅವರಲ್ಲಿ ಕೆಲವರು ಈಗ ಈ ಮಾತನ್ನು ಕೇಳುತ್ತಿರಲೂಬಹುದು. ಯಾವ ಕೈಯಲ್ಲಿ ಮೈಕು ಹಿಡಿಯುತ್ತಿದ್ದಿರಿ? ಪಟ್ಟಿಯನ್ನು ಯಾವಾಗ ಸೊಟ್ಟಗಿಡುತ್ತಿದ್ದಿರಿ? ಪಾಳಿ ಬದಲಾಗುವಾಗ ಹಲಗೆಯನ್ನು ಹೇಗೆ ಒಪ್ಪಿಸುತ್ತಿದ್ದಿರಿ? ಮೇಜಿನ ಯಾವ ಭಾಗ ಅಡ್ಡಿಯಾಗುತ್ತಿತ್ತು, ಬಡಗಿಯನ್ನು ಕರೆಸಿ ಏನನ್ನು ಸರಿಮಾಡಿಸಿದಿರಿ? ಇವನ್ನು ದಯವಿಟ್ಟು ಬರೆದಿಡಿ, ಇಲ್ಲವೆ ಮನೆಯ ಹುಡುಗರ ಮುಂದೆ ಹೇಳಿ ಧ್ವನಿಮುದ್ರಣ ಮಾಡಿಸಿ. ಮೇಜನ್ನು ಉಳಿಸಿಕೊಂಡ ಮೇಲೆ ಅದರ ಮುಂದೆ ಕೂತು ಕೆಲಸ ಮಾಡುವುದು ಹೇಗೆಂದು ತೋರಿಸಿಕೊಡಬಲ್ಲವರು ನೀವೇ.